ಅಂಚಿಗೆ ಕೆಂಪು ದಾರ ಕಟ್ಟಿದವಳು

ಆ ಬಟ್ಟೆಯ ತುಂಡಿಗೆ ವಾಸನೆಯೇ ಇರಲಿಲ್ಲ. ಮೂಗಿಗೆ ಹಿಡಿದೆ, ಮಡಿಕೆ ಬಿಚ್ಚಿ ಮತ್ತೆ ಹಿಡಿದೆ. ನಲವತ್ತು ವರ್ಷ ಬಟ್ಟೆ ಮಾರಿದವಳು ನಾನು. ಸೂರತ್ತಿನ ಹೊಸ ಮಾಲಿಗೆ ಗಂಜಿ, ಬಣ್ಣ ಎರಡೂ ಕೂಡಿದ, ತುಸು ಸೀಮೆಎಣ್ಣೆಯಂಥ ಘಾಟು ಇರುತ್ತದೆ. ಟ್ರಂಕಿನಲ್ಲಿ ವರ್ಷಗಟ್ಟಲೆ ಕೂತ ಸೀರೆಗೆ ನುಸಿಗುಳಿಗೆಯ ವಾಸನೆ, ಉಟ್ಟ ಸೀರೆಗೆ ಉಟ್ಟವಳ ವಾಸನೆ. ಕಣ್ಣು ಕಟ್ಟಿ ಕೂರಿಸಿದರೂ ಬಟ್ಟೆ ಎಲ್ಲಿಂದ ಎದ್ದು ಬಂತು ಎಂದು ಹೇಳಬಲ್ಲೆನೆಂಬ ಜಂಬ ನನಗಿದೆ. ಈ ತುಂಡು ಮಾತ್ರ ಬಾಯಿ ಬಿಡಲಿಲ್ಲ. ಕರವಸ್ತ್ರಕ್ಕಿಂತ ಸ್ವಲ್ಪ ದೊಡ್ಡದು, ಬೂದು ಮಿಶ್ರಿತ ನೀಲಿ, ಸಣ್ಣ ಬಿಳಿ ಹೂವು. ಒಂದು ಅಂಚಿಗೆ ಬೆರಳುದ್ದದ ಕೆಂಪು ದಾರ ಗಂಟು ಹಾಕಿದೆ.

ಭೂಮಿಯನ್ನು ಲೆಕ್ಕವಿಲ್ಲದಷ್ಟು ಸಲ ಸುತ್ತಿ ಬಂದ ಬಟ್ಟೆ ಅದು. ಹೋದ ತಿಂಗಳು ಅದನ್ನು ವಡೋದರಾದ ಅಲ್ಕಾಪುರಿಯಲ್ಲಿರುವ ನನ್ನ ಅಂಗಡಿಯ ಗಾಜಿನ ಮೇಜಿನ ಮೇಲೆ ತಂದಿಟ್ಟವರು ಆ ದಾರ ಕಟ್ಟಿದವಳ ತಾಯಿ. ಅಹಮದಾಬಾದಿನಿಂದ ಬೆಳಗಿನ ರೈಲು ಹಿಡಿದು ಬಂದಿದ್ದರು.

“ಇದನ್ನ ಹೇಗೆ ಮಡಿಸೋದು, ಸ್ವಲ್ಪ ಹೇಳಿ” ಎಂದರು.

ಎಪ್ಪತ್ತು ದಾಟಿದ ಹೆಂಗಸು ಒಂದು ಗೇಣು ಬಟ್ಟೆ ಮಡಿಸುವುದು ಹೇಗೆಂದು ಕೇಳಲು ಊರು ಬಿಟ್ಟು ಊರಿಗೆ ಬರುವುದಿಲ್ಲ. ಗಿರಾಕಿ ಕೇಳುವುದೇ ಒಂದು, ಅವರಿಗೆ ಬೇಕಾದ್ದೇ ಒಂದು ಎಂಬುದು ವ್ಯಾಪಾರದ ಮೊದಲ ಪಾಠ. ಅವರಿಗೆ ಬೇಕಾದ್ದು ಏನಿತ್ತೆಂದು ಆಮೇಲೆ ಹೇಳುತ್ತೇನೆ. ಮೊದಲು ಅವರ ಮಗಳ ಮಾತು...

ನನ್ನ ತವರು ಬೆಟಗೇರಿ. ನೇಕಾರರ ಮನೆ. ಮಾತು ಕಲಿಯುವ ಮೊದಲೇ ಎಳೆ ಎಣಿಸಲು ಕಲಿತವರು ನಾವು. ಮದುವೆಯಾಗಿ ಅಹಮದಾಬಾದಿಗೆ ಬಂದೆ. ಗಂಡನಿಗೆ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಕೆಲಸ. ಒಂದು ಸೋಮವಾರ ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಅವರು ಮೂರು ತಿಂಗಳು ಬೀಗ ತೆಗೆಯುವುದನ್ನೇ ಕಾದರು. ನಾನು ಮೂರನೆಯ ದಿನವೇ ಸೂರತ್ತಿನ ರೈಲು ಹತ್ತಿದೆ. ಉಧ್ನಾದ ಮಗ್ಗಗಳಲ್ಲಿ ಎಲ್ಲೋ ಒಂದು ಎಳೆ ತಪ್ಪಿದ, ಎಲ್ಲೋ ಬಣ್ಣ ಕೂರದ ಸೀರೆಗಳನ್ನು ರಾಶಿ ಹಾಕಿ ಅಗ್ಗಕ್ಕೆ ಕೊಡುತ್ತಿದ್ದರು. ಸೆಕೆಂಡ್ಸ್ ಮಾಲು ಎನ್ನುತ್ತಾರೆ. ಅದನ್ನು ಗಂಟು ಕಟ್ಟಿ ತಂದು ಅಹಮದಾಬಾದಿನಲ್ಲಿ ಕನ್ನಡದವರ ಮನೆಮನೆಗೆ ಒಯ್ಯುತ್ತಿದ್ದೆ. ಉಪಗ್ರಹದೊಳಗಿನ ಯಂತ್ರಗಳನ್ನು ಮಾಡುವ ಸಂಸ್ಥೆಯ ಕ್ವಾರ್ಟರ್ಸಿನಲ್ಲಿ ನಮ್ಮ ಕಡೆಯವರ ಹತ್ತಾರು ಮನೆಗಳಿದ್ದವು. ಓದಿದವರ ಮನೆ ಹೆಂಗಸರು ಚೌಕಾಸಿಗೆ ನಾಚುತ್ತಾರೆ. ನಾಚಿಕೆ ಇದ್ದಲ್ಲಿ ನನ್ನಂಥವಳಿಗೆ ಲಾಭ ಇರುತ್ತದೆ.

ಎರಡನೆಯ ಬ್ಲಾಕಿನ ಮೊದಲ ಮಹಡಿಯಲ್ಲಿ ಮೈಸೂರಿನ ಕಡೆಯವರ ಮನೆ. ತಂದೆ ಆ ಸಂಸ್ಥೆಯಲ್ಲಿ ಎಂಜಿನಿಯರು, ತಾಯಿ ಮನೆಯಲ್ಲಿ, ಒಬ್ಬಳೇ ಮಗಳು. ಗುಜರಾತಿ ಮಕ್ಕಳ ಜೊತೆ ಆಡಿ ಬೆಳೆದ ಹುಡುಗಿ. ನನ್ನನ್ನು ಅವರ ಹಾಗೆಯೇ “ಮಾಸಿ”, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಅವಳ ಕನ್ನಡ ಕೇಳಿ ನನಗೆ ನಗು, ನನ್ನ ಗದಗಿನ ಕನ್ನಡ ಕೇಳಿ ಅವಳಿಗೆ ನಗು. ನಾನು ಗಂಟು ಬಿಚ್ಚಿದರೆ ಸಾಕು, ಹೋಮ್‌ವರ್ಕ್ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಕಣ್ಣು ಮುಚ್ಚಿಕೊಂಡು, ಎಡಗೈ ಬೆರಳುಗಳ ಹಿಂಬದಿಯಿಂದ ಬಟ್ಟೆ ಸವರಿ, ಎಲ್ಲಿ ಎಳೆ ತಪ್ಪಿದೆ ಎಂದು ಹೇಳುವುದು ನಮ್ಮ ತವರುಮನೆಯ ವಿದ್ಯೆ. ಬೆರಳಿನ ತುದಿ ಕೆಲಸ ಮಾಡಿ ಮಾಡಿ ದಡ್ಡಾಗಿರುತ್ತದೆ, ಹಿಂಬದಿಗೆ ಮಾತ್ರ ಇನ್ನೂ ಬುದ್ಧಿ ಇರುತ್ತದೆ ಎನ್ನುತ್ತಿದ್ದ ನಮ್ಮಪ್ಪ. ಜಂಬಕ್ಕೆ ಅದನ್ನು ಅವಳಿಗೆ ಕಲಿಸಿದೆ. ಕಲಿಸಿದ್ದು ನನ್ನ ಬುಡಕ್ಕೇ ಬರುತ್ತದೆ ಎಂದು ಆಗ ಹೊಳೆಯಲಿಲ್ಲ.

ಆಗ ಅವಳಿಗೆ ಹನ್ನೆರಡು. ತಾಯಿ ಈ ಬೂದು-ನೀಲಿ ಸೀರೆಯನ್ನು ಮೆಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹುಡುಗಿ ಕಣ್ಣು ಮುಚ್ಚಿ ಕೈಯಾಡಿಸುತ್ತಿದ್ದಳು.

“ಮಾಸಿ, ಇಲ್ಲಿ ಒಂದು ಧಾಗಾ ಇಲ್ಲ, ಎಳೆ ತಪ್ಪಿದೆ.”

“ಎಲ್ಲೈತಿ? ಮೊದಲ ಕೈ ತೊಳಕೊಂಡು ಬಾ ತಂಗಿ. ಥೇಪ್ಲಾ ತಿಂದ ಕೈಲೆ ಸೀರಿ ಮುಟ್ಟಬ್ಯಾಡ.”

“ತೊಳೆದಿದೀನಿ. ಇಲ್ಲೇ ಇದೆ. ಅಮ್ಮಾ, ನೀನು ನೋಡು.”

ತಾಯಿ ಸವರಿ ನೋಡಿದರು. “ನನಗೇನೂ ಗೊತ್ತಾಗ್ತಾ ಇಲ್ಲವಲ್ಲೇ.”

“ಕಣ್ಣು ಮುಚ್ಚಮ್ಮಾ. ಕಣ್ಣು ಬಿಟ್ಟರೆ ಹೂವು ಕಾಣತ್ತೆ, ಧಾಗಾ ಕಾಣಲ್ಲ.”

“ಇದ್ದರೆ ಇರಲಿ ಬಿಡೇ. ಪಾಪ, ಅವರಿಗೇನು ಗೊತ್ತು.”

“ಮಾಸಿಗೆ ಎಲ್ಲಾ ಗೊತ್ತಾಗತ್ತೆ” ಎಂದಳು ಹುಡುಗಿ, ನನ್ನ ಮುಖವನ್ನೇ ನೋಡುತ್ತ. “ಕಣ್ಣು ಮುಚ್ಚಿದ್ದರೂ ಗೊತ್ತಾಗತ್ತೆ.”

ನನಗೆ ಗೊತ್ತಿತ್ತು. ಆ ದೋಷ ಒಳಗೆ ಬರುವ ಹಾಗೆ ನಾಲ್ಕನೆಯ ಮಡಿಕೆ ಹಾಕಿದ್ದೇ ನಾನು. ಉಟ್ಟಾಗ ಸೊಂಟದೊಳಗೆ ಹೋಗಿಬಿಡುವ ಭಾಗ, ಯಾರಿಗೂ ಕಾಣುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. “ಅಯ್ಯ, ನಾ ನೋಡೇ ಇಲ್ಲ ನೋಡವ್ವಾ” ಎಂದು ಸೀರೆ ಹಿಂತೆಗೆದುಕೊಂಡೆ. ಬೇರೆ ಸೀರೆಯೊಂದನ್ನು ಎಂದೂ ಇಲ್ಲದಷ್ಟು ಬೆಲೆ ಇಳಿಸಿ ಕೊಟ್ಟೆ. ತಾಯಿಗೆ ಖುಷಿಯೋ ಖುಷಿ.

ಗಂಟು ಹೊತ್ತು ಮೆಟ್ಟಿಲಿಳಿಯುತ್ತಿದ್ದಾಗ ಹಿಂದಿನಿಂದ ಚಪ್ಪಲಿ ಸಪ್ಪಳ. ಶಾಲೆಯ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತಂದಿದ್ದಳು ಹುಡುಗಿ. ಮೆಟ್ಟಿಲ ಮೇಲೇ ಗಂಟು ಬಿಚ್ಚಿಸಿ, ಆ ಸೀರೆ ಹುಡುಕಿ, ದೋಷವಿದ್ದ ಜಾಗಕ್ಕೆ ನೇರವಾಗಿ ಅಂಚಿಗೆ ದಾರ ಕಟ್ಟಿದಳು. “ಹೀಗೆ ಮಾಡಿದರೆ ನಿಮಗೆ ಮರೆತುಹೋಗಲ್ಲ ಅಲ್ವಾ ಮಾಸಿ?” ಎಂದಳು. ನಾನು ತಲೆಯಾಡಿಸಿದೆ. ಅವಳಿಗೆ ನನ್ನ ಕಳ್ಳತನ ಗೊತ್ತಾಗಿತ್ತೋ, ಇಲ್ಲಾ ನಿಜವಾಗಿಯೂ ನಾನು ನೋಡಿರಲಿಲ್ಲವೆಂದು ನಂಬಿದ್ದಳೋ... ಆ ಪ್ರಶ್ನೆ ಬಹಳ ವರ್ಷ ನನ್ನ ಜೊತೆಗೆ ರೈಲಿನಲ್ಲಿ ಓಡಾಡಿತು.

ಆ ವಾರವೇ ಎಲ್ಲ ಸೆಕೆಂಡ್ಸ್ ಮಾಲಿಗೂ ಕೆಂಪು ದಾರ ಕಟ್ಟಲು ಶುರು ಮಾಡಿದೆ. ಪುಣ್ಯಕ್ಕೆ ಮಾಡಿದೆ ಎಂದರೆ ನಂಬಬೇಡಿ, ಅರ್ಧ ಹೆದರಿಕೆಗೆ ಮಾಡಿದ್ದು. ಆದರೆ ಒಂದು ಮಾತು ಹೇಳುತ್ತೇನೆ, ಯಾವ ವ್ಯಾಪಾರ ಮಾಡುವವರಾದರೂ ಸೆರಗಿಗೆ ಕಟ್ಟಿಕೊಳ್ಳಿ. ದೋಷವನ್ನು ಗಿರಾಕಿ ಕಂಡುಹಿಡಿದರೆ ಬೆಲೆಯೂ ಹೋಯಿತು, ನೀವೂ ಹೋದಿರಿ. ನೀವೇ ಮೊದಲು ತೋರಿಸಿದರೆ ಬೆಲೆ ಅಷ್ಟಿಷ್ಟು ಇಳಿಯುತ್ತದೆ, ಗಿರಾಕಿ ಮಾತ್ರ ನಿಮ್ಮವರೇ ಆಗುತ್ತಾರೆ. ಎರಡು ವರ್ಷದಲ್ಲಿ ನನಗೆ “ಲಾಲ್ ಧಾಗಾವಾಲಿ”, ಕೆಂಪು ದಾರದವಳು, ಎಂಬ ಹೆಸರು ಬಿತ್ತು. ದಾರ ಇಲ್ಲದ ಸೀರೆಗೆ ಜನ ಚೌಕಾಸಿ ಮಾಡುವುದನ್ನೇ ಬಿಟ್ಟರು. ಅಲ್ಕಾಪುರಿಯ ಈ ಅಂಗಡಿ ಎದ್ದದ್ದು ಆ ಹೆಸರಿನ ಮೇಲೆ.

ಆ ನಾಲ್ಕೈದು ವರ್ಷ ಭಾನುವಾರಗಳಲ್ಲಿ ದಾರ ಕಟ್ಟಲು ಅವಳೂ ಕೂರುತ್ತಿದ್ದಳು. ಒಂದು ತುದಿ ನಾನು, ಇನ್ನೊಂದು ತುದಿ ಅವಳು, ನಡುವೆ ಬೆಳಕಿಗೆ ಅಡ್ಡ ಹಿಡಿದ ಸೀರೆ. ಅಂಥ ಒಂದು ಭಾನುವಾರ ಹೇಳಿದಳು, ಬಾಹ್ಯಾಕಾಶಕ್ಕೆ ಹೋಗಬೇಕು ಎಂದು. ತಂದೆ ಮಾಡುವ ಯಂತ್ರ ಅಲ್ಲಿಗೆ ಹೋಗುತ್ತದಲ್ಲ, ಇವಳಿಗೂ ಹುಚ್ಚು ಹತ್ತಿದೆ ಎಂದುಕೊಂಡೆ.

“ಆತು, ಹೋಗು. ಕಿಡಕ್ಯಾಗಿಂದ ನಮಗೊಂದು ಟಾಟಾ ಮಾಡು.”

“ಕಿಟಕಿ ಅಲ್ಲ ಮಾಸಿ. ಒಳಗೆ ಕೂತು ಹೋಗೋದು ಬಸ್ಸಲ್ಲಿ ಹೋದ ಹಾಗೆ. ನಾನು ಹೊರಗೆ ಇಳೀಬೇಕು.”

“ಹೊರಗ ಏನೈತಿ ಅಲ್ಲೆ?”

“ಏನೂ ಇಲ್ಲ. ಅದಕ್ಕೇ.”

ನಾನು ಕೈಯಲ್ಲಿದ್ದ ಸೀರೆ ಮಡಿಸಿದೆ. ಆದರೆ ಅವಳಿಗೆ ಬೇಕಾದ್ದು ಏನೆಂದು ಅಂದಿನಿಂದ ನನಗೆ ಸ್ಪಷ್ಟವಾಯಿತು. ಮೇಲೆ ಹೋಗುವುದಲ್ಲ, ಬಾಗಿಲು ತೆಗೆದು ಹೊರಗೆ ಕಾಲಿಡುವುದು.

ಎಂಜಿನಿಯರಿಂಗ್ ಓದಲು ವಡೋದರಾಕ್ಕೆ ಬಂದಳು. ನನ್ನ ಅಂಗಡಿಯೂ ಆಗಷ್ಟೇ ಶುರುವಾಗಿತ್ತು. ಶನಿವಾರ ಮಧ್ಯಾಹ್ನ ಹಾಸ್ಟೆಲಿನ ಊಟಕ್ಕೆ ಬೈಯುತ್ತ ಬಂದು, ನನ್ನ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತಿಂದು, ಹೋಗುವಾಗ ಬಂದ ಮಾಲಿನ ಮೇಲೆ ಕಣ್ಣು ಮುಚ್ಚಿ ಒಮ್ಮೆ ಕೈಯಾಡಿಸಿ ಹೋಗುವಳು. ಓದು ಮುಗಿದ ಮೇಲೆ ಊರಿನ ಹತ್ತಿರವೇ ಒಂದು ಸರಕಾರಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ವಿದೇಶದಲ್ಲಿ ಮುಂದೆ ಓದಲು ಸ್ಕಾಲರ್‌ಶಿಪ್ಪೂ ಬಂತು. ಸಲಹೆ ಕೇಳದಿದ್ದರೂ ಕೊಡುವವಳು ನಾನು, ಇನ್ನು ಕೇಳಿದರೆ ಬಿಡುತ್ತೇನೆಯೇ?

“ಸರಕಾರಿ ಕೆಲಸ, ಕ್ವಾರ್ಟರ್ಸು, ಪೆನ್ಶನ್ನು. ಅಂಗಡ್ಯಾಗ ಕುಂತ ಗಿರಾಕಿ ಬಿಟ್ಟು ಬೀದ್ಯಾಗ ಹೊಂಟ ಗಿರಾಕಿ ಕರೀಬಾರದು ತಂಗಿ.”

ರೊಟ್ಟಿ ಮುರಿಯುತ್ತ ಕೇಳಿದಳು: “ಹಾಗಾದರೆ ನೀವು ಯಾಕೆ ವಟ್ವಾದಲ್ಲೇ ಕೂತು ಗೇಟಿನ ಬೀಗ ನೋಡ್ತಾ ಇರಲಿಲ್ಲ ಮಾಸಿ?”

ನನ್ನ ಬಾಯಿ ಕಟ್ಟಿದವರು ಸೂರತ್ತಿನಲ್ಲಿ ಇಬ್ಬರು ದಲಾಲರು, ವಡೋದರಾದಲ್ಲಿ ಅವಳೊಬ್ಬಳೇ. ನನ್ನ ಸಲಹೆ ತಪ್ಪಿತ್ತು. ತಪ್ಪಿದ್ದನ್ನು ಒಪ್ಪಿಕೊಳ್ಳುವುದಕ್ಕೆ ಇಷ್ಟು ವರ್ಷ ಹಿಡಿಯಿತು, ಅಷ್ಟೇ.

ಹೋದಳು. ಅಲ್ಲಿ ಓದಿ, ಕೆಲಸ ಮಾಡಿ, ಆ ದೇಶದವಳೇ ಆದಳು. ಅಲ್ಲಿಯ ಗಗನಯಾತ್ರಿಗಳ ಆಯ್ಕೆಗೆ ಅರ್ಜಿ ಹಾಕಿದಳು. ಒಮ್ಮೆ ಆಗಲಿಲ್ಲ. ಕೆಲವು ವರ್ಷ ಬಿಟ್ಟು ಮತ್ತೊಮ್ಮೆ, ಆಗಲೂ ಇಲ್ಲ. ಪ್ರತಿ ಸಲವೂ ಫೋನು ಮಾಡುವಳು, ಅಳುತ್ತಿರಲಿಲ್ಲ, “ಮಾಲು ವಾಪಸ್ ಬಂತು ಮಾಸಿ” ಎನ್ನುವಳು. ಅವಳಿಗೆ ತೂಗುವ ವಸ್ತು ಕಂಡರೆ ಆಗದು, ಚಿಕ್ಕವಳಿದ್ದಾಗ ಉಯ್ಯಾಲೆಯಲ್ಲಿ ಕೂತರೆ ವಾಂತಿ. ಅದನ್ನು ಅಭ್ಯಾಸ ಮಾಡಿ ಗೆದ್ದಿದ್ದಳು, ಆದರೆ ಸಂದರ್ಶನದಲ್ಲಿ ಆ ಸುದ್ದಿ ಎತ್ತದೆ ಬಂದಿದ್ದಳು. ಮೂರನೆಯ ಸಲ ಹೋಗುವ ಮೊದಲು ಹೇಳಿದೆ, “ಅವರು ಹುಡುಕೂದರಾಗ ನೀನ ದಾರ ಕಟ್ಟಿ ತೋರಿಸು.” ಕೇಳುವ ಮೊದಲೇ ತಾನೇ ಹೇಳಿದಳಂತೆ, ನನಗೆ ಈ ತೊಂದರೆ ಇತ್ತು, ಹೀಗೆ ಹೀಗೆ ಸರಿಮಾಡಿಕೊಂಡೆ ಎಂದು. ಆಯ್ಕೆಯಾದಳು. ಅದರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಹೇಳಿಕೊಂಡರೆ ತಡೆಯುವವರೂ ಯಾರಿಲ್ಲ.

ಮುಂದಿನದು ಪತ್ರಿಕೆಗಳಲ್ಲಿ ಬಂದದ್ದೇ. ದೊಡ್ಡ ಈಜುಕೊಳದ ತಳದಲ್ಲಿ ಆ ಭಾರದ ಉಡುಪು ತೊಟ್ಟು ಗಂಟೆಗಟ್ಟಲೆ ತಿರುಪು ಬಿಗಿಯುವ ಅಭ್ಯಾಸ, ಹಿಮದಲ್ಲಿ ವಾಸ, ಹೊಸ ಭಾಷೆ ಕಲಿಕೆ. ಮೊದಲ ಸಲ ಹೋದಾಗ ತಿಂಗಳುಗಟ್ಟಲೆ ಬಾಹ್ಯಾಕಾಶ ನಿಲ್ದಾಣದೊಳಗೆ ಕೆಲಸ ಮಾಡಿದಳು. ನಮ್ಮ ಭಾಷೆ ಕೇಳಿಸಿಕೊಂಡು ಬೆಳೆದ ಹೆಣ್ಣುಮಕ್ಕಳಲ್ಲಿ ಅಲ್ಲಿಗೆ ಮೊದಲು ಹೋದವಳು ಅವಳು. ಸಂಜೆ ಆ ನಿಲ್ದಾಣ ವಡೋದರಾದ ಮೇಲೆ ಹಾದುಹೋಗುವ ಹೊತ್ತು ತಿಳಿದುಕೊಂಡು ಇಡೀ ಓಣಿಯನ್ನು ಮಹಡಿಗೆ ಹತ್ತಿಸಿದ್ದೆ. ಪಕ್ಕದ ಫರ್ಸಾಣ, ಅಂದರೆ ಕುರುಕಲು ತಿಂಡಿಯ ಅಂಗಡಿಯವನು “ಯೇ ತೋ ವಿಮಾನ್ ಹೈ” ಎಂದ. ವಿಮಾನವಾದರೆ ಕೆಂಪು ದೀಪ ಮಿಣುಕಬೇಕು, ಇದು ಮಿಣುಕುತ್ತದೆಯೇ ಹೇಳು ಎಂದು ಜಗಳಕ್ಕೇ ನಿಂತೆ. ಅದು ಮಿಣುಕಲಿಲ್ಲ. ನೆಟ್ಟಗೆ, ಒಂದೇ ಸಮನೆ, ಮಗ್ಗದ ಲಾಳಿಯ ಹಾಗೆ ಈ ಅಂಚಿನಿಂದ ಆ ಅಂಚಿಗೆ ಹೋಯಿತು. ಆದರೆ ಹೊರಗೆ ಇಳಿಯುವ ಪಾಳಿ ಆ ಸಲ ಅವಳಿಗೆ ಬರಲಿಲ್ಲ.

ಎರಡನೆಯ ಸಲ ಹೋಗುವ ಮೊದಲು ಅಂಗಡಿಗೆ ಬಂದಿದ್ದಳು. ಕೂದಲಲ್ಲಿ ಅಲ್ಲಲ್ಲಿ ಬಿಳಿ. “ಈ ಸಲ ನನ್ನ ಹೆಸರಿದೆ ಮಾಸಿ. ಹೊರಗೆ” ಎಂದಳು. ಸ್ವಂತದ ಒಂದೆರಡು ಸಣ್ಣ ವಸ್ತು ಒಯ್ಯಲು ಬಿಡುತ್ತಾರಂತೆ. ನಾನು ಏಣಿ ಹಾಕಿ ಮೇಲಿನ ಕಪಾಟಿನಿಂದ ಆ ಬೂದು-ನೀಲಿ ಸೀರೆ ಇಳಿಸಿದೆ.

“ಅರೇ, ಇದನ್ನ ಇನ್ನೂ ಇಟ್ಟುಕೊಂಡಿದ್ದೀರಾ? ದಾರ ನೋಡಿ ಯಾರೂ ತಗೊಳ್ಳಲಿಲ್ವಾ?”

“ಯಾರಿಗೂ ತೋರಿಸೇ ಇಲ್ಲ.”

ದೋಷವಿದ್ದ ಜಾಗವನ್ನೇ, ದಾರದ ಸಮೇತ, ಚೌಕವಾಗಿ ಕತ್ತರಿಸಿ ಕೊಟ್ಟೆ. ಒಳ್ಳೆಯ ಮಾಲು ಕೊಡುವುದು ಬಿಟ್ಟು ಇದನ್ನೇಕೆ ಕೊಟ್ಟೆ ಎಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡಳು.

ಅವಳು ಹೊರಗೆ ಇಳಿದ ದಿನ ಅಂಗಡಿಯಲ್ಲಿ ವ್ಯಾಪಾರದ ಕಡೆ ನನಗೆ ಗಮನವೇ ಇರಲಿಲ್ಲ. ಮಧ್ಯಾಹ್ನ, ಫೋನನ್ನು ಸೀರೆ ಗೊಂಬೆಯ ಭುಜಕ್ಕೆ ಒರಗಿಸಿ ಎಲ್ಲರೂ ನೋಡುತ್ತಿದ್ದೆವು. ಬಿಳಿ ಉಡುಪಿನ ಎರಡು ಆಕೃತಿಗಳು, ಯಾವುದು ಅವಳೆಂದು ತಿಳಿಯದು. ಆಮೇಲೆ ಒಬ್ಬಾಕೆ ಅಂಗೈ ಬೆರಳು ಅಗಲಿಸಿ, ಮುಖದ ಗಾಜಿನ ಹತ್ತಿರ ತಂದು, ಬಹಳ ಹೊತ್ತು ನೋಡಿದಳು. ಬಟ್ಟೆ ನೋಡುವ ಹಾಗೆ. ಅದೇ ಅವಳು ಎಂದೆ. ಹತ್ತು ನಿಮಿಷಕ್ಕೆ ಅವಳು ಬಾಗಿಲ ಕಡೆ ತಿರುಗಿದಳು. ಇನ್ನೂ ಅರ್ಧ ಕೆಲಸ ಉಳಿದಿರುವಾಗಲೇ ಒಳಗೆ ಹೋಗುತ್ತಿದ್ದಾರೆ ಎಂದು ಫೋನಿನಲ್ಲಿ ವಿವರಣೆ ಕೊಡುವವರು ಹೇಳಿದರು. ಕೈಗವಸಿನಲ್ಲಿ ಏನೋ ತೊಂದರೆಯಂತೆ.

“ಡರ್ ಗಯೀ ಕ್ಯಾ?” ಹೆದರಿದಳೇನು ಎಂದಳು ಒಬ್ಬ ಗಿರಾಕಿ, ಮದುವೆ ಸೀರೆ ಆರಿಸುತ್ತಿದ್ದವಳು. ಅವಳ ಕೈಯಿಂದ ಸೀರೆ ತೆಗೆದು ಮಡಿಸಿ ಒಳಗಿಟ್ಟೆ. ಬೇರೆ ಅಂಗಡಿ ನೋಡಿಕೋ ಎಂದೆ. ವ್ಯಾಪಾರದಲ್ಲಿ ಹಾಗೆ ಮಾಡಬಾರದು, ನೀವು ಮಾಡಬೇಡಿ.

ಭೂಮಿಗೆ ಇಳಿದು ಬಂದು, ನಡೆಯುವುದನ್ನು ಮತ್ತೆ ಕಲಿತು, ಆರೇಳು ತಿಂಗಳಿಗೆ ಅಹಮದಾಬಾದಿಗೆ ಬಂದಳು. ಅವಳು ಓದಿದ ಶಾಲೆಯಲ್ಲಿ ಸನ್ಮಾನ. ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ತಾಯಿ ಮೊದಲ ಸಾಲಿನಲ್ಲಿ, ನಾನು ಅವರ ಪಕ್ಕದಲ್ಲಿ, ಪೈಠಣಿ ಉಟ್ಟು. ಮಕ್ಕಳ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಕೋಟು ತೊಟ್ಟ ಹಿರಿಯರೊಬ್ಬರು ಎದ್ದರು. ಕೆಟ್ಟವರೇನಲ್ಲ, ಬಾಯಿ ಸಡಿಲ.

“ಮ್ಯಾಡಮ್, ಕೆಲಸ ಅರ್ಧಕ್ಕೆ ನಿಂತಿತು. ಒಂದು ಸಣ್ಣ ಹರುಕಿಗೆ ವಾಪಸ್ ಬಂದುಬಿಟ್ಟಿರಿ ಅಂತಾರೆ, ಪಶ್ಚಾತ್ತಾಪ ಇಲ್ಲವೇ?” ಎಂದು ಹಿಂದಿಯಲ್ಲಿ ಕೇಳಿದರು.

ತಾಯಿ ನನ್ನ ಕೈ ಹಿಡಿದುಕೊಂಡರು. ಅವಳು ನಿಧಾನವಾಗಿ, ಅದೇ ಹಿಂದಿಯಲ್ಲಿ, ಮಕ್ಕಳ ಕಡೆ ತಿರುಗಿ ಹೇಳಿದಳು: ಆ ಕೈಗವಸಿನೊಳಗೆ ಬೆರಳಿಗೆ ಏನೂ ತಿಳಿಯುವುದಿಲ್ಲ, ಕಣ್ಣಿನಿಂದಲೇ ನೋಡಬೇಕು. ಆಗಾಗ ಕೆಳಗಿನಿಂದ ಕೇಳುತ್ತಾರೆ, ಕೈಗವಸು ಹೇಗಿದೆ ಎಂದು. ಚೆನ್ನಾಗಿದೆ ಎನ್ನುವುದು ಅಭ್ಯಾಸ. ಆ ಸಲ ಹೆಬ್ಬೆರಳ ಪಕ್ಕದಲ್ಲಿ ಮೇಲಿನ ಪದರ ಸೀಳಿತ್ತು, ಒಂದು ಎಳೆ ಎದ್ದು ನಿಂತಿತ್ತು. ಯಾವ ಕ್ಯಾಮೆರಾಕ್ಕೂ ಕಾಣುವಂತಿರಲಿಲ್ಲ. ನಾನು ಹೇಳಿದೆ. ಉಳಿದ ಕೆಲಸವನ್ನು ಮುಂದಿನ ವಾರ ಇನ್ನೊಬ್ಬರು ಮುಗಿಸಿದರು. ಕೆಲಸ ಪೂರ್ತಿಯಾಗಿದೆ ಸರ್, ನಾನು ಮಾತ್ರ ಅರ್ಧ.

ನಗುತ್ತಲೇ ಹೇಳಿದಳು. ಮೊದಲು ಚಪ್ಪಾಳೆ ಹೊಡೆದವರು ಆ ಕೋಟಿನವರೇ. ನನ್ನ ಎದೆ ಹೇಗೆ ಉಬ್ಬಿತ್ತೆಂದರೆ ಪೈಠಣಿಯ ಪಿನ್ನು ಎಲ್ಲಿ ಕಿತ್ತು ಬರುತ್ತದೋ ಎಂದು ಭಯವಾಯಿತು.

ಸಂಜೆ ಅವರ ಮನೆಯಲ್ಲಿ, ತಾಯಿ ಒಳಗೆ ಬಿಸಿಬೇಳೆಭಾತಿಗೆ ಒಗ್ಗರಣೆ ಹಾಕುತ್ತಿದ್ದಾಗ, ಬಾಲ್ಕನಿಯಲ್ಲಿ ನಾವಿಬ್ಬರೇ.

“ಖರೆ ಹೇಳು. ಹೇಳದಿದ್ದರ ಏನಾಗ್ತಿತ್ತು?”

“ಏನೂ ಆಗ್ತಿರಲಿಲ್ಲ, ಬಹುಶಃ.”

“ಮತ್ತ? ಹನ್ನೆರಡು ವರ್ಷದಾಕಿ ಇದ್ದಾಗಿಂದ ಅದನ್ನ ಬಡಕೊಂತಿದ್ದೆಲ್ಲ, ಹೊರಗ, ಹೊರಗ ಅಂತ!”

“ಬಹುಶಃ ಅಂದೆ ಅಲ್ವಾ ಮಾಸಿ.” ತನ್ನ ಅಂಗೈ ತಿರುಗಿಸಿ ನೋಡಿಕೊಂಡು ಹೇಳಿದಳು: “ಹೇಗಿದೆ ಅಂತ ಕೇಳಿದಾಗ ಬಾಯಿಗೆ ಬಂದೇಬಿಟ್ಟಿತ್ತು, ಚೆನ್ನಾಗಿದೆ ಅಂತ. ಆಗ ನಿಮ್ಮ ಮುಖ ನೆನಪಾಯ್ತು. ಮಡಿಕೆ ಒಳಗೆ ಇಟ್ಟಿದ್ದಿರಲ್ಲ, ಆವತ್ತು.”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. “ಗೊತ್ತಿತ್ತೇನ ನಿನಗ?”

“ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ ನಿಮ್ಮವ್ವನ ಮುಂದ?”

“ನೀವೇ ಹೇಳ್ತೀರಿ ಅಂತ ಕಾದೆ. ನೀವು ಹೇಳಲಿಲ್ಲ. ಅದಕ್ಕೇ ದಾರ ತಂದೆ.”

ಅಷ್ಟೇ. ಒಳಗಿನಿಂದ ತಾಯಿ ಊಟಕ್ಕೆ ಕರೆದರು, ಎದ್ದೆವು. ಮಗು ನನ್ನ ಮಾನವನ್ನು ಅಷ್ಟು ವರ್ಷ ತನ್ನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿತ್ತು. ಅದನ್ನು ಭೂಮಿ ಬಿಟ್ಟು ಒಯ್ದಿತ್ತು...

ಅವಳಿಗೆ ಮತ್ತೆ ಹೊರಗೆ ಇಳಿಯುವ ಪಾಳಿ ಬರಲಿಲ್ಲ. ಹೊಸಬರಿಗೆ ತರಬೇತಿ ಕೊಡುವ ಕೆಲಸ ವಹಿಸಿಕೊಂಡಳು. ಅಂಗೈ ನೋಡಿಕೊಳ್ಳಿ, ಅಂಗೈ ನೋಡಿಕೊಳ್ಳಿ ಎಂದು ಅವರ ತಲೆ ತಿನ್ನುತ್ತೇನೆ ಎಂದು ಫೋನಿನಲ್ಲಿ ನಗುತ್ತಿದ್ದಳು. ಆಮೇಲೆ ಕಾಯಿಲೆ ಬಂತು. ಅದನ್ನೂ ಬೇಗ ಹೇಳಿದಳು, ಸುತ್ತು ಬಳಸದೆ. ಈ ಮಾಲು ವಾಪಸ್ ಹೋಗುತ್ತದೆ ಮಾಸಿ, ಅಮ್ಮನನ್ನು ಆಗಾಗ ನೋಡಿಕೊಂಡು ಬನ್ನಿ ಎಂದಳು. ಚೌಕಾಸಿಗೆ ಜಾಗವೇ ಇರಲಿಲ್ಲ ಆ ಮಾತಿನಲ್ಲಿ. ಹೋದ ಚಳಿಗಾಲದಲ್ಲಿ ಹೋದಳು. ನನಗಿಂತ ಎಷ್ಟು ಚಿಕ್ಕವಳು...

ಈಗ ಅವಳ ಶಾಲೆಯಲ್ಲಿ ಅವಳಿಗಾಗಿ ಒಂದು ಕೋಣೆ ಮಾಡುತ್ತಿದ್ದಾರೆ. ಫೋಟೋ, ಪದಕ, ಜೊತೆಗೆ ಅವಳ ಸಾಮಾನಿನಲ್ಲಿ ತಾಯಿಗೆ ಸಿಕ್ಕ ಈ ಬಟ್ಟೆ. ವ್ಯವಸ್ಥೆ ನೋಡುವವರು ತಾಯಿಗೆ ಹೇಳಿದ್ದರಂತೆ: ದಾರ ಜೋತಾಡುವುದು ಚೆನ್ನಾಗಿ ಕಾಣುವುದಿಲ್ಲ, ಕತ್ತರಿಸಿಬಿಡಿ, ಇಲ್ಲವೇ ಆ ಭಾಗ ಒಳಗೆ ಬರುವ ಹಾಗೆ ಮಡಿಸಿಕೊಡಿ. ಕೆಳಗಿನ ಬರಹದಲ್ಲಿಯೂ ಅರ್ಧಕ್ಕೆ ಬಂದದ್ದು ಬೇಡ, ಬಾಹ್ಯಾಕಾಶ ನಡಿಗೆ ಮಾಡಿದರು ಎಂದಷ್ಟೇ ಸಾಕು.

“ನನಗೂ ಸರಿ ಅನ್ನಿಸ್ತು” ಎಂದರು ತಾಯಿ. “ಅವಳೇ ಇಲ್ಲ. ಈಗ ಕೊರತೆ ತೋರಿಸಿ ಏನಾಗಬೇಕು ಹೇಳಿ. ಕತ್ತರಿಸೋಕೆ ಮನಸ್ಸಾಗಲಿಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದೆ. ಕಾಣದ ಹಾಗೆ ಮಡಿಸೋದು ನಿಮಗೆ ಚೆನ್ನಾಗಿ ಗೊತ್ತಿರುತ್ತಲ್ಲ.”

ಪಾಪ, ಅವರು ಏನೂ ತಿಳಿಯದೆ ಆಡಿದ ಮಾತು. ಗೊತ್ತಿರುತ್ತದೆ, ನನ್ನಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತು? ಸುಮ್ಮನೆ ಎರಡು ಮಡಿಕೆ ಹಾಕಿ ಕೊಟ್ಟಿದ್ದರೆ ಅವರು ಸಮಾಧಾನದಿಂದ ರೈಲು ಹತ್ತುತ್ತಿದ್ದರು. ನನ್ನ ಹೆಸರೂ ಇದ್ದ ಹಾಗೇ ಇರುತ್ತಿತ್ತು. ಅಂಗಡಿಯ ಹುಡುಗಿಯರು ಆಚೆ ಕಡೆ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ನಾನು ಮೇಜಿನ ಈಚೆ ಬಂದು ಅವರ ಪಕ್ಕದಲ್ಲಿ ಕೂತೆ.

“ಅಕ್ಕಾರ, ಒಂದು ಮಾತು. ಈ ಸೀರಿ ದೋಷ ನನಗ ಗೊತ್ತಿತ್ತು. ಮಡಿಕಿ ಒಳಗ ನಾನ ಮುಚ್ಚಿಟ್ಟು ತಂದಿದ್ದೆ. ನಿಮಗ ಫಸ್ಟ್ ಮಾಲು ಅಂತ ಕೊಡಾಕ ಹೊಂಟಿದ್ದೆ.”

ಅವರು ನನ್ನನ್ನೇ ನೋಡಿದರು. “ಅವಳಿಗೆ ಗೊತ್ತಿತ್ತೇ?”

“ಆವತ್ತ ಗೊತ್ತಿತ್ತಂತ.”

“ನನ್ನ ಹತ್ತಿರ ಒಂದು ಮಾತು ಆಡಲಿಲ್ಲವಲ್ಲ...” ಎಂದರು. ಎದ್ದು ಹೋಗುತ್ತಾರೆ, ನಾಲ್ಕು ಮಾತು ಅನ್ನುತ್ತಾರೆ ಎಂದುಕೊಂಡೆ. ಅದಕ್ಕೆ ತಯಾರಾಗಿಯೇ ಕೂತಿದ್ದೆ. ಅವರ ಮುಖದ ಮೇಲೆ ಎಲ್ಲಿಂದಲೋ ಒಂದು ನಗು ಎದ್ದು ಬಂತು. “ಅದಕ್ಕೇ ಏನ್ರೀ ಆವತ್ತು ಆ ಇನ್ನೊಂದು ಸೀರೆ ಅಷ್ಟು ಅಗ್ಗಕ್ಕೆ ಕೊಟ್ಟದ್ದು! ನಾನು ಚೌಕಾಸಿ ಕಲಿತುಬಿಟ್ಟೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ.”

ನಗುತ್ತಲೇ ಕಣ್ಣು ತುಂಬಿತು. ಒರೆಸಿಕೊಂಡು, ಬಟ್ಟೆಯನ್ನು ಮೇಜಿನ ಮೇಲೆ ಪೂರ್ತಿ ಹರಡಿದರು. ಆಮೇಲೆ ಕಣ್ಣು ಮುಚ್ಚಿದರು. ಎಡಗೈ ಬೆರಳುಗಳ ಹಿಂಬದಿಯಿಂದ, ದಾರವಿದ್ದ ಅಂಚಿನಿಂದ ಒಳಗೆ, ಮೆಲ್ಲಗೆ ಸವರಿದರು. ಒಮ್ಮೆ ಸಿಗಲಿಲ್ಲ. ಹಿಂದೆ ಬಂದು ಮತ್ತೆ ಸವರಿದರು. ಅವರ ಬೆರಳು ಬಿಳಿ ಹೂವು ದಾಟಿ, ಇನ್ನೊಂದು ಹೂವಿಗೆ ಮುಟ್ಟುವ ಮೊದಲು ನಿಂತಿತು.

“ಇಲ್ಲಿ” ಎಂದರು.

ಅದೇ ಜಾಗ.

ದೋಷ ಮೇಲೆ ಬರುವ ಹಾಗೆ, ದಾರ ಎದುರಿಗೆ ಕಾಣುವ ಹಾಗೆ ಇಬ್ಬರೂ ಸೇರಿ ಮಡಿಸಿದೆವು. ಅವರೊಂದು ತುದಿ, ನಾನೊಂದು ತುದಿ. ಕೆಳಗೆ ಏನು ಬರೆಯಬೇಕೆಂದು ನನ್ನ ಬಿಲ್ ಪುಸ್ತಕದ ಹಾಳೆ ಹರಿದು ಅವರೇ ಬರೆದುಕೊಂಡರು: ಕೈಗವಸಿನಲ್ಲಿ ಎಳೆ ಎದ್ದದ್ದನ್ನು ತಾನೇ ಕಂಡು, ತಾನೇ ಹೇಳಿ, ಅರ್ಧಕ್ಕೆ ಹಿಂತಿರುಗಿದಳು. ಗುಜರಾತಿಗೆ ಅನುವಾದ ಅಲ್ಲಿಯೇ ಯಾರಾದರೂ ಮಾಡಿಕೊಡುತ್ತಾರೆ ಎಂದರು.

ಸ್ಟೇಷನ್ನಿನವರೆಗೆ ಬಿಟ್ಟು ಬಂದೆ. ರೈಲು ಹೋದ ಮೇಲೂ ನನ್ನ ಕೈಯಲ್ಲಿ ಏನೋ ವಾಸನೆ ಉಳಿದಿತ್ತು. ಬೆಳಿಗ್ಗೆ ಏನೂ ಇರದಿದ್ದ ಬಟ್ಟೆಗೆ ಆ ತಾಯಿಯ ಕೈಯ ಇಂಗು, ಕರಿಬೇವು ಹತ್ತಿ, ಮಡಿಸುವಾಗ ನನಗೂ ಅಂಟಿತ್ತು. ಅಂಗಡಿಗೆ ಬಂದರೆ ಉಧ್ನಾದಿಂದ ಹೊಸ ಮಾಲು ಇಳಿದಿತ್ತು. ಒಂದು ಸೀರೆ ಬಿಚ್ಚಿ, ದಾರದ ಉಂಡೆ ಕೈಗೆ ತೆಗೆದುಕೊಂಡು, ಹಳೆಯ ಭಾನುವಾರಗಳ ಹಾಗೆ, ಆ ತುದಿ ಹಿಡಿ ತಂಗಿ ಎನ್ನಲು ತಲೆಯೆತ್ತಿದೆ.